ಬಸ್ಸು ಉಳಿಸಿಕೊಂಡ ಊರು

ಆ ಊರಿನವರು ಬಸ್ಸು ಹತ್ತುತ್ತಿದ್ದದ್ದು ಎಲ್ಲಿಗೋ ಹೋಗಬೇಕೆಂದಲ್ಲ. ಬಸ್ಸು ಇರಲಿ ಎಂದು ಹತ್ತುತ್ತಿದ್ದರು. ಕೇಳಿದವರಿಗೆ ಇವರಿಗೇನು ತಲೆ ಕೆಟ್ಟಿದೆಯೇ ಅನ್ನಿಸಬಹುದು. ಆದರೆ ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ಒಂದೊಂದೇ ಕೈಬಿಟ್ಟು ಹೋಗುವುದನ್ನು ನಿಂತು ನೋಡಿದವರಿಗೆ ಅದು ಅರ್ಥವಾಗುತ್ತದೆ. ಮೊದಲು ಸೈರನ್ ನಿಂತಿತು. ಆಮೇಲೆ ಬ್ಯಾಂಕಿನವರು ತಮ್ಮ ಬೋರ್ಡು ಬಿಚ್ಚಿಕೊಂಡು ಹೋದರು. ಟಾಕೀಸಿನ ಬಾಗಿಲಿಗೆ ಅಡ್ಡಡ್ಡ ಹಲಗೆ ಹೊಡೆದರು. ಕೊನೆಗೊಂದು ದಿನ ಬಸ್ ಕಂಪನಿಯವರು ನಿಲ್ದಾಣದ ಕಂಬಕ್ಕೆ ಕಾಗದ ಅಂಟಿಸಿದರು: ಜನರಿಲ್ಲದ ಕಾರಣ ಈ ಮಾರ್ಗವನ್ನು ನಿಲ್ಲಿಸುವ ಬಗ್ಗೆ ಆಲೋಚಿಸಲಾಗುತ್ತಿದೆ. ಜನರಿಲ್ಲವಂತೆ. ಅದನ್ನು ಓದುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹಾಗಾದರೆ ನಾವೇನು ಎನ್ನುವಂತೆ.

ಅವತ್ತು ಸಂಜೆಯೇ ಮಾರ್ಕೆಟ್ ಕಟ್ಟಡದಲ್ಲಿ ಮಾತಾಯಿತು. ಪ್ರತಿ ಅಂಗಡಿಯಿಂದ, ಪ್ರತಿ ಮನೆಯಿಂದ ಸರದಿಯ ಮೇಲೆ ಒಬ್ಬೊಬ್ಬರು ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗುವುದು, ಅಲ್ಲಿ ನಿಲ್ದಾಣದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಅದೇ ಬಸ್ಸಿಗೆ ವಾಪಸು ಬರುವುದು. ಟಿಕೆಟ್ಟಿಗೆ ಎಲ್ಲರೂ ಕೈಲಾದಷ್ಟು ಹಾಕುವುದು. ಈ ಉಪಾಯ ಹೊಳೆದದ್ದು ಮಷೀನಕ್ಕನಿಗೆ. ಅದಕ್ಕೆ ಅಲಂಕಾರ ಮಾಡಿದ್ದು ಮಾತ್ರ ಅವಳ ಅತ್ತೆ.

ಮಷೀನಕ್ಕ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿದ್ದವಳು. ಕಾರ್ಖಾನೆಯವರು ಗಂಟುಮೂಟೆ ಕಟ್ಟುವಾಗ ಹಳೆಯ ಕಾಲುಮಷೀನುಗಳನ್ನು ಸಾಗಿಸುವ ಖರ್ಚು ದಂಡವೆಂದು ಅವನ್ನು ಅಲ್ಲಿ ಹೊಲಿಯುತ್ತಿದ್ದ ಹೆಂಗಸರಿಗೇ ಬಿಟ್ಟುಹೋಗಿದ್ದರು. ಅವು ಒಂದೊಂದು ಮನೆಯ ಒಂದೊಂದು ಮೂಲೆ ಸೇರಿಕೊಂಡವು. ಒಂದರ ಶಟಲ್ ಸವೆದರೆ, ಇನ್ನೊಂದರ ಬೆಲ್ಟು ಹರಿದರೆ ಅದು ಬರುತ್ತಿದ್ದದ್ದು ಮಾರ್ಕೆಟ್ಟಿನ ಮೂಲೆಯಲ್ಲಿದ್ದ ಅವಳ ಕಟ್ಟೆಗೆ. ಗಂಡ ತೀರಿಕೊಂಡ ಮೇಲೆ ಅತ್ತೆ, ನಾದಿನಿ, ನಾದಿನಿಯ ಪುಟ್ಟ ಮಗಳು, ಇಷ್ಟು ಜನರ ಹೊಟ್ಟೆಪಾಡಿನ ಅರ್ಧ ಭಾರ ಆ ಕಟ್ಟೆಯ ಮೇಲಿತ್ತು. ಇನ್ನರ್ಧ ನಾದಿನಿಯದು. ಅವಳು ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಆ ಬಸ್ಸಿನಲ್ಲಿ ನಿಜವಾದ ಕೆಲಸಕ್ಕೆ ಹೋಗುತ್ತಿದ್ದ ಬೆರಳೆಣಿಕೆಯ ಜನರಲ್ಲಿ ಅವಳೂ ಒಬ್ಬಳು.

ಅತ್ತೆಯನ್ನು ಊರೆಲ್ಲ ಅಜ್ಜಿ ಎನ್ನುತ್ತಿತ್ತು. ಬಸ್ಸಿನಲ್ಲಿ ಕೂರುವ ಕೆಲಸ ತನಗಾಗಿಯೇ ಹುಟ್ಟಿದ್ದೆಂದು ಅಜ್ಜಿಗೆ ಮೊದಲ ದಿನವೇ ಖಾತ್ರಿಯಾಯಿತು. ಕಿಟಕಿ ಪಕ್ಕದ ಸೀಟು, ಹೊಸ ಹೊಸ ಕಿವಿಗಳು, ಕೈಕಾಲಿಗೆ ದಣಿವಿಲ್ಲ. ಕಾಯಿಲೆ ಎಂದು ನೆಪ ಹೇಳಿದವರ ಸರದಿಯನ್ನೂ ತಾನೇ ವಹಿಸಿಕೊಳ್ಳುತ್ತಿದ್ದಳು. ಹೀಗೆ ಸುಮ್ಮನೆ ಕೈಬೀಸಿಕೊಂಡು ಹೋಗಿ ಬಂದರೆ ಕಂಡಕ್ಟರನಿಗೆ ಅನುಮಾನ ಬರುತ್ತದೆ ಎಂದು ಕಂಡುಹಿಡಿದವಳೂ ಅವಳೇ. ಹೋಗುವಾಗ ಖಾಲಿ ಚೀಲ, ಬರುವಾಗ ತುಂಬಿದ ಚೀಲ. ಹೊಲಿಯುವ ಹೆಂಗಸರ ಮನೆಯಲ್ಲಿ ಚಿಂದಿಗೇನು ಬರವೇ? ಅದನ್ನು ಮಡಿಸಿ ಸೊಂಟದ ಚೀಲದಲ್ಲಿ ಒಯ್ಯುವುದು, ಪಟ್ಟಣದ ನಿಲ್ದಾಣದಲ್ಲಿ ಕೈಚೀಲಕ್ಕೆ ತುಂಬಿ ಉಬ್ಬಿಸುವುದು. ಇಳಿಯುವಾಗ ಭಾರ ತಡೆಯಲಾರದವರಂತೆ ಒಂದು ಕಡೆ ವಾಲುವುದನ್ನೂ ಅಜ್ಜಿ ಎಲ್ಲರಿಗೂ ಕಲಿಸಿಕೊಟ್ಟಳು. ಮಾರ್ಕೆಟ್ಟಿನ ಕ್ಷೌರದವನಂತೂ ಎಷ್ಟು ಚೆನ್ನಾಗಿ ವಾಲುತ್ತಿದ್ದನೆಂದರೆ ಒಮ್ಮೆ ಡ್ರೈವರ್ ಎದ್ದು ಬಂದು ಚೀಲ ಹಿಡಿಯಲು ಹೋಗಿ, ಅದು ಹತ್ತಿಯಂತೆ ಹಗುರಾಗಿದ್ದದ್ದು ನೋಡಿ ಕಣ್ಣು ಕಣ್ಣು ಬಿಟ್ಟಿದ್ದ. ಡ್ರೈವರನಿಗೂ ತನ್ನ ಕೆಲಸ ಬೇಕಿತ್ತು. ಅವನು ಬಾಯಿ ಬಿಡಲಿಲ್ಲ.

ಉಪಾಯ ಫಲಿಸಿತು. ಕಂಬದ ಮೇಲಿನ ಕಾಗದ ಹೋಗಿ ಹೊಸ ವೇಳಾಪಟ್ಟಿ ಬಂತು. ಊರು ಕಾರ್ಖಾನೆ ಮುಚ್ಚಿದಂದಿನಿಂದ ಮೊದಲ ಬಾರಿ ಏನನ್ನೋ ಗೆದ್ದಿತ್ತು. ಆ ಖುಷಿಯಲ್ಲಿ ಯಾರೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಹೊಸ ಮನುಷ್ಯನನ್ನು ಅಷ್ಟಾಗಿ ಗಮನಿಸಲಿಲ್ಲ. ಸಪೂರ ಮೈ, ಹೆಗಲಿಗೊಂದು ಬ್ಯಾಗು, ಎಲ್ಲರಿಗೂ ಕೂರಲು ಜಾಗ ಬಿಡುವ ಸ್ವಭಾವ. ಅಜ್ಜಿ ಗಮನಿಸಿದ್ದಳು. ಪಕ್ಕದಲ್ಲೇ ಕೂರಿಸಿಕೊಂಡು ದಿನವೂ ಅವನ ಕಿವಿ ತುಂಬಿದ್ದಳು. ಪಟ್ಟಣದಲ್ಲಿ ಎಲ್ಲವೂ ಅಗ್ಗ, ಎಲ್ಲವೂ ತಾಜಾ. ನಮ್ಮೂರ ಮಾರ್ಕೆಟ್ಟಿನಲ್ಲಿ ಏನಿದೆ ಮಣ್ಣು. ಸೂಜಿಯಿಂದ ಹಿಡಿದು ಸೋಪಿನವರೆಗೆ ನಾವು ತರುವುದೆಲ್ಲ ಅಲ್ಲಿಂದಲೇ. ಬಸ್ಸೊಂದು ಇದ್ದರೆ ನಮಗೆ ಇನ್ನೇನೂ ಬೇಡ. ಅವನು ಬಸ್ ಕಂಪನಿಯವನೇ ಇರಬೇಕೆಂದು ಅವಳ ಲೆಕ್ಕ. ಹಾಗಾಗಿ ಸುಳ್ಳಿಗೆ ಉಪ್ಪು ಖಾರ ಹಚ್ಚಿ ಹಚ್ಚಿ ಬಡಿಸಿದ್ದಳು.

ಅವನು ಬಸ್ ಕಂಪನಿಯವನಲ್ಲ. ಹಿಂದುಳಿದ ಊರುಗಳನ್ನು ಮೇಲೆತ್ತಲು ಸರ್ಕಾರ ಶುರುಮಾಡಿದ್ದ ಪುನಶ್ಚೇತನ ಯೋಜನೆಯ ಅಧಿಕಾರಿ.

ಒಂದು ಮಧ್ಯಾಹ್ನ ಅವನು ಮಾರ್ಕೆಟ್ಟಿಗೆ ಬಂದು, ಕ್ಷೌರದವನ ಕನ್ನಡಿಯ ಪಕ್ಕದ ಗೋಡೆಗೆ ದೊಡ್ಡ ನಕ್ಷೆಯೊಂದನ್ನು ಅಂಟಿಸಿ, ಒಳ್ಳೆಯ ಸುದ್ದಿ ತಂದವನ ಮುಖದಲ್ಲೇ ವಿವರಿಸಿದ. ಊರಿನವರು ಎಲ್ಲವನ್ನೂ ಪಟ್ಟಣದಿಂದಲೇ ತರುವುದು ಸಮೀಕ್ಷೆಯಿಂದ ಸ್ಪಷ್ಟವಾಗಿದೆ, ಆದ್ದರಿಂದ ಈ ಕಟ್ಟಡದ ಅಗತ್ಯ ಊರಿಗೆ ಉಳಿದಿಲ್ಲ. ಇದನ್ನು ಪಾರ್ಸೆಲ್ ಕಂಪನಿಯೊಂದರ ಗೋದಾಮು ಮಾಡಿದರೆ ನಾಲ್ಕಾರು ಜನರಿಗೆ ಸಾಮಾನು ಇಳಿಸುವ ಕೆಲಸ ಸಿಗುತ್ತದೆ. ಬಸ್ಸು ಇದ್ದೇ ಇರುತ್ತದೆ, ಇನ್ನೂ ಒಂದು ಟ್ರಿಪ್ ಹೆಚ್ಚಾದರೂ ಆಶ್ಚರ್ಯವಿಲ್ಲ. ತಿಂಗಳ ಕೊನೆಗೆ ಕಟ್ಟೆಗಳನ್ನು ಬಿಟ್ಟುಕೊಡಬೇಕು. ಯಾರದಾದರೂ ಆಕ್ಷೇಪಣೆ ಇದ್ದರೆ ಸೋಮವಾರ ಸಭೆ ಇದೆ, ಬಂದು ಹೇಳಬಹುದು.

ಮಷೀನಕ್ಕ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಕ್ಷೆ ನೋಡಿದಳು. ಅವಳ ಕಟ್ಟೆ ಇದ್ದ ಮೂಲೆಯಲ್ಲಿ ಲಾರಿ ಹಿಂದಕ್ಕೆ ಬರುವ ಗುರುತು ಹಾಕಿದ್ದರು. ಅವಳಿಗೆ ಮೊದಲು ಬಂದದ್ದು ಅಳುವಲ್ಲ, ನಗು. ಊರು ಖಾಲಿ ಅಲ್ಲ ಎಂದು ತೋರಿಸಲು ತಾವೇ ಚಿಂದಿ ತುಂಬಿದ್ದು, ಆ ಚಿಂದಿಯೇ ತಮ್ಮ ಬಾಯಿಗೆ ಮಣ್ಣು ಹಾಕಿದ್ದು. ಅಧಿಕಾರಿ ಹೊರಟ ಮೇಲೆ ಆ ನಗು ಉಳಿಯಲಿಲ್ಲ.

ಕ್ಷೌರದವನು ಮೊದಲು ಸಿಡಿದ. ಚೀಲ ಬೇಡ ಅಂತ ಅವತ್ತೇ ಹೇಳಿದ್ದೆ ಎಂದ. ಅವನು ಹಾಗೆ ಹೇಳಿದ್ದು ಯಾರಿಗೂ ನೆನಪಿರಲಿಲ್ಲ. ಬೀಗ ರಿಪೇರಿ ಮಾಡುವ ಮುದುಕ, ಎಲ್ಲರಿಗೂ ಅವನು ಬೀಗದ ಮಾವ, ಇನ್ನು ಸುಮ್ಮನಿರುವುದೇ ವಾಸಿ ಎಂದ. ನಿಜ ಹೇಳಿದರೆ ಬಸ್ಸು ಹೋಗುತ್ತದೆ, ಹೇಳದಿದ್ದರೆ ಮಾರ್ಕೆಟ್ಟು ಹೋಗುತ್ತದೆ. ಒಂದಾದರೂ ಉಳಿಯಲಿ. ಅಜ್ಜಿ ತನ್ನ ಜೀವಮಾನದಲ್ಲಿ ಮೊದಲ ಸಲ ಒಂದು ಮಾತೂ ಆಡದೆ ಎದ್ದು ಮನೆಗೆ ಹೋದಳು.

ಅವತ್ತು ರಾತ್ರಿ ಮನೆಯಲ್ಲಿ ಊಟ ಬೇಗ ಮುಗಿಯಿತು. ಮಷೀನಕ್ಕ ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು: ಬಾಯಿಗೆ ಬೀಗ ಹಾಕಿಕೊಳ್ಳುವುದು. ಕಟ್ಟೆ ಹೋದರೆ ಮನೆಯ ಜಗಲಿಯಲ್ಲಿ ಕೂತು ರಿಪೇರಿ ಮಾಡಿದರಾಯಿತು. ಬಸ್ಸು ಹೋದರೆ ನಾದಿನಿ ಮಗಳನ್ನು ಕಟ್ಟಿಕೊಂಡು ಪಟ್ಟಣದಲ್ಲಿ ಯಾವುದೋ ಗೂಡಿನಂಥ ಕೋಣೆ ಹಿಡಿಯಬೇಕು, ಈ ಮನೆ ಎರಡಾಗುತ್ತದೆ. ಅದಕ್ಕಿಂತ ಇದು ಮೇಲು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಜಗಲಿಯಲ್ಲಿ ಮೂರು ಮಷೀನು ಇಡಲೂ ಜಾಗವಿಲ್ಲ, ಅಲ್ಲಿ ಕೂತವಳನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಾದಿನಿ ಕೈ ತೊಳೆದು ಬಂದು ಅವಳ ಎದುರಿಗೆ ಕೂತಳು.

"ಅತ್ತಿಗೆ, ನೀನು ಸೋಮವಾರ ಏನೂ ಹೇಳಲ್ಲ ಅಲ್ವಾ? ನನ್ನ ಮುಖ ನೋಡ್ಕೊಂಡು ಸುಮ್ನಿರ್ತೀಯ."

ಮಷೀನಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

"ನನ್ನ ಬಸ್ಸು ಉಳಿಯಲಿ ಅಂತ ನೀನು ಅಂಗಡಿ ಬಿಟ್ಕೊಟ್ರೆ, ನಾಳೆ ಆ ಬಸ್ಸಲ್ಲಿ ನಾನು ಹೇಗೆ ಕೂತ್ಕೊಳ್ಳಲಿ? ಹೋಗಿ ಹೇಳು. ಬಸ್ಸು ಹೋದ್ರೆ ಆಗ ನೋಡ್ಕೊಳ್ಳೋಣ, ಒಟ್ಟಿಗೆ ನೋಡ್ಕೊಳ್ಳೋಣ."

ಆ ಒಟ್ಟಿಗೆ ಎನ್ನುವ ಮಾತಿಗೆ ಮಷೀನಕ್ಕ ತಲೆಯೆತ್ತಿದಳು. ಅವಳು ನಾದಿನಿಯ ಕೈಯನ್ನು ಒಮ್ಮೆ ಒತ್ತಿ ಹಿಡಿದು ಬಿಟ್ಟಳು. ಒಳಕೋಣೆಯಲ್ಲಿ ಅಜ್ಜಿ ನಿದ್ದೆ ಬಂದವಳಂತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಸಭೆ ನಡೆದದ್ದು ಪುರಸಭೆಯ ಮೇಲಿನ ಕೋಣೆಯಲ್ಲಿ. ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ಬಸ್ ಕಂಪನಿಯ ಮ್ಯಾನೇಜರು, ಮುಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮಾರ್ಕೆಟ್ಟಿನವರು. ಮಷೀನಕ್ಕ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಸರದಿ, ಚೀಲ, ಚಿಂದಿ, ಬೆಂಚು. ಒಂದನ್ನೂ ಮುಚ್ಚಿಡಲಿಲ್ಲ, ಒಂದಕ್ಕೂ ಕ್ಷಮೆ ಕೇಳಲಿಲ್ಲ. ಮ್ಯಾನೇಜರನ ಮುಖ ಕೆಂಪಾಯಿತು. ಇದು ಶುದ್ಧ ಮೋಸ, ಇವರು ಪ್ರಯಾಣಿಕರೇ ಅಲ್ಲ ಎಂದ.

"ಟಿಕೆಟ್ ತಗೊಂಡಿದ್ದೀವಿ," ಎಂದಳು ಮಷೀನಕ್ಕ. "ಯಾಕೆ ಹೋಗ್ತೀರಿ ಅಂತ ನಿಮ್ಮ ಬಸ್ಸು ಯಾವತ್ತೂ ಕೇಳಿರಲಿಲ್ಲ. ಜನ ಇಲ್ಲ ಅಂದ್ರಿ, ಜನ ಇದ್ದೀವಿ ಅಂತ ಬಂದು ಕೂತ್ವಿ. ಈಗ ತುಂಬಾ ಜನ ಹೊರಗೆ ಹೋಗ್ತೀರಿ, ಅಂಗಡಿ ಮುಚ್ಚಿ ಅಂತೀರಿ. ಹೋಗದೇ ಇದ್ರೂ ತಪ್ಪು, ಹೋದ್ರೂ ತಪ್ಪು. ನಾವು ಇರೋದೇ ನಿಮಗೆ ತಪ್ಪಾಗಿ ಕಾಣ್ತಿದೆ."

ಕುರ್ಚಿಗಳಲ್ಲಿ ಗುಜುಗುಜು ಎದ್ದಿತು. ಅಧಿಕಾರಿ ಮಾತ್ರ ಅವಳನ್ನು ನೋಡುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದ ಅಜ್ಜಿಯನ್ನು ನೋಡುತ್ತಿದ್ದ.

"ಅಜ್ಜಿ, ನೀವೇ ಹೇಳಿದ್ರಲ್ಲ," ಎಂದ. ಕೋಪವಿರಲಿಲ್ಲ ಆ ದನಿಯಲ್ಲಿ, ನಂಬಿ ಕೆಟ್ಟವನ ಪೆಚ್ಚುತನವಿತ್ತು. ಅಜ್ಜಿ ತಲೆ ತಗ್ಗಿಸಿದಳು. ಅವನು ಮಷೀನಕ್ಕನ ಕಡೆ ತಿರುಗಿ, ಹಾಗಾದರೆ ಈ ಮಾರ್ಕೆಟ್ಟನ್ನು ನಂಬಿದವರು ಯಾರು, ತೋರಿಸಿ ಎಂದ. ಮನೆಮನೆಯ ಮೂಲೆಯಲ್ಲಿ ಹೊಲಿಯುವ ಹೆಂಗಸರಿದ್ದಾರೆ, ಮಷೀನು ಕೆಟ್ಟರೆ ಅವರು ಬರುವುದು ಈ ಮಾರ್ಕೆಟ್ಟಿಗೇ, ಅವರ ಕೈಕೆಲಸ ನಿಂತರೆ ಊರಿನ ಒಲೆ ಆರುತ್ತದೆ ಎಂದಳು ಅವಳು. ಅವನು ಕಾಗದ ತಿರುವಿ ತಿರುವಿ ನೋಡಿದ. ಮನೆಮನೆ ಸಮೀಕ್ಷೆಯನ್ನೂ ನಾವು ಮಾಡಿದ್ದೇವೆ, ಅದರಲ್ಲಿ ಹೊಲಿಯುವವಳು ಎಂದು ಒಬ್ಬ ಹೆಂಗಸೂ ಹೇಳಿಲ್ಲ ಎಂದ. ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಎಲ್ಲರೂ ಕೊಟ್ಟ ಉತ್ತರ ಒಂದೇ ಅಂತೆ: ಏನಿಲ್ಲ, ಮನೇಲೇ ಇರ್ತೀನಿ.

ಅವನು ಹೇಳಿದ್ದೂ ಸುಳ್ಳಾಗಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪೆಡಲ್ ತುಳಿದು, ಮನೆಯ ಬಾಡಿಗೆ ಮಕ್ಕಳ ಶಾಲೆ ಎಲ್ಲ ತೂಗಿಸುತ್ತಿದ್ದ ಹೆಂಗಸರು, ಬಾಗಿಲಿಗೆ ಬಂದವನಿಗೆ ಏನಿಲ್ಲ ಎಂದೇ ಹೇಳುತ್ತಾರೆ. ಮಷೀನಕ್ಕನೇ ಬಾಗಿಲು ತೆರೆದಿದ್ದರೂ ಹಾಗೇ ಹೇಳುತ್ತಿದ್ದಳೋ ಏನೋ. ಅಧಿಕಾರಿ ಮೆಲುದನಿಯಲ್ಲಿ, ಆದೇಶಕ್ಕೆ ಮೇಲಿನಿಂದ ಸಹಿ ಆಗಿದೆ, ಖಾಲಿ ಕಟ್ಟಡ ಅಂತಲೇ ಆಗಿದೆ, ತಿಂಗಳ ಕೊನೆಗೆ ಬೀಗ ಹಾಕಲೇಬೇಕು ಎಂದ. ಬಸ್ಸಿನ ಮಾರ್ಗವನ್ನು ಮತ್ತೆ ಪರಿಶೀಲಿಸುತ್ತೇವೆ ಎಂದು ಮ್ಯಾನೇಜರು ಸೇರಿಸಿದ. ಎರಡೂ ಹೋಯಿತು ಎಂದು ಬೀಗದ ಮಾವ ಮೆಟ್ಟಿಲಿಳಿಯುತ್ತ ಹೇಳಿದ. ಅವನ ಮಾತಿಗೆ ಯಾರೂ ಎದುರಾಡಲಿಲ್ಲ.

ಎದುರಾಡದಿದ್ದದ್ದು ಮೆಟ್ಟಿಲಿನವರೆಗೆ ಮಾತ್ರ. ಮಷೀನಕ್ಕ ಬಡಪೆಟ್ಟಿಗೆ ಬಗ್ಗುವವಳಲ್ಲ. ಮಾರನೆಯ ದಿನವೇ ಅವಳು ಕಟ್ಟೆಗೆ ಹೋಗದೆ ಮನೆಮನೆ ಹತ್ತಿ ಇಳಿದಳು. ಕೇಳಿದ್ದು ಒಂದೇ: ಬೀಗ ಹಾಕಲು ಬರುವ ದಿನ ನಿಮ್ಮ ಮಷೀನು ಹೊತ್ತು ತಂದು ಮಾರ್ಕೆಟ್ಟಿನಲ್ಲಿ ಕೂತು ಹೊಲಿಯಿರಿ. ಖಾಲಿ ಎಂದು ಬರೆದುಕೊಂಡವರು ಕಣ್ಣಾರೆ ನೋಡಲಿ.

ಹೆಂಗಸರಿಗೆ ಅವಳ ಮೇಲೆ ಪ್ರೀತಿಯಿತ್ತು, ಆದರೂ ಹಿಂದೆ ಮುಂದೆ ನೋಡಿದರು. ಮಷೀನು ಭಾರ. ಒಲೆಯ ಮೇಲೆ ಇಟ್ಟದ್ದು ಯಾರು ನೋಡುತ್ತಾರೆ? ಒಬ್ಬಳ ಗಂಡ ತನ್ನ ಹೆಂಡತಿ ಬೀದಿಯಲ್ಲಿ ಕೂರುವುದು ಬೇಡ ಎಂದ, ಅವನು ತೊಟ್ಟ ಅಂಗಿ ಅವಳೇ ಹೊಲಿದದ್ದು. ಇನ್ನೊಬ್ಬಳು ಬಾಗಿಲ ಹೊರಗೆ ಕರೆದು ಪಿಸುಗುಟ್ಟಿದಳು: "ಅಕ್ಕಾ, ನಾನೆಷ್ಟು ಹೊಲೀತೀನಿ ಅಂತ ನಮ್ಮತ್ತೆಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಕಥೆ ಮುಗೀತು." ಮಷೀನಕ್ಕನಿಗೆ ಸಿಟ್ಟೂ ಬಂತು, ನಗುವೂ ಬಂತು. ಇಡೀ ಊರು ತನ್ನ ದುಡಿಮೆಯನ್ನು ಕದ್ದ ಮಾಲಿನಂತೆ ಬಚ್ಚಿಟ್ಟುಕೊಂಡು ಕೂತಿದೆಯಲ್ಲ ಎಂದು ಅವಳ ಮೈ ಉರಿಯಿತು.

"ಆಯ್ತು, ಬಚ್ಚಿಡು," ಎಂದಳು. "ಆದ್ರೆ ಮಾರ್ಕೆಟ್ಟು ಮುಚ್ಚಿದ ಮೇಲೆ ನಿನ್ನ ಮಷೀನು ಕೆಟ್ರೆ ನನ್ನ ಮನೆ ಬಾಗಿಲಿಗೆ ತರಬೇಡ. ಪಟ್ಟಣಕ್ಕೆ ಒಯ್ಯಿ. ಬಸ್ಸಿದ್ರೆ."

ಹೇಳಿದ ಮೇಲೆ ಅವಳಿಗೇ ಅದು ಹೆಚ್ಚಾಯಿತು ಅನ್ನಿಸಿತು. ವಾಪಸು ತೆಗೆದುಕೊಳ್ಳಲಿಲ್ಲ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಅವಳು ಮಾರ್ಕೆಟ್ಟಿಗೆ ಬಂದಾಗ ಕರೆಂಟು ಕತ್ತರಿಸಿಯಾಗಿತ್ತು. ತಗಡಿನ ಚಾವಣಿಯ ಸಂದುಗಳಿಂದ ಬಿದ್ದ ಬೆಳಕಿನಲ್ಲಿ ಖಾಲಿ ಕಟ್ಟೆಗಳ ಮೇಲಿನ ಧೂಳು ಕಾಣುತ್ತಿತ್ತು. ಕ್ಷೌರದವನು ಕನ್ನಡಿ ಕಳಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ನಾದಿನಿ ಕೆಲಸಕ್ಕೆ ರಜೆ ಹಾಕಿ ಬಂದು ಕಸ ಗುಡಿಸಿದಳು. ಅಜ್ಜಿಯ ಪತ್ತೆಯಿರಲಿಲ್ಲ. ಸಭೆಯಾದಂದಿನಿಂದ ಅವಳು ಮಾತು ಬಿಟ್ಟಿದ್ದಳು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಹೋಗಿದ್ದಳು.

ಜೀಪು ಬಂತು. ಅಧಿಕಾರಿ ಇಳಿದ, ಹಿಂದೆಯೇ ಸರಪಳಿ ಹಿಡಿದ ಇಬ್ಬರು ಇಳಿದರು. ಅಧಿಕಾರಿ ಒಳಗೆ ಒಂದು ಸುತ್ತು ಬಂದು, ಮಷೀನಕ್ಕನ ಕಟ್ಟೆಯ ಮುಂದೆ ನಿಂತ. ಸಾಮಾನು ತೆಗೆಯಲು ಬೇಕಾದಷ್ಟು ಹೊತ್ತು ತೆಗೆದುಕೊಳ್ಳಿ, ನಮ್ಮ ಹುಡುಗರು ಸಹಾಯ ಮಾಡುತ್ತಾರೆ ಎಂದ. ಅವನ ಒಳ್ಳೆಯತನವೇ ಅವಳಿಗೆ ಸಹಿಸಲಿಕ್ಕಾಗಲಿಲ್ಲ. ಜಗಳಗಂಟನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಅವಳು ಮುರಿದ ಸೂಜಿಗಳ ಡಬ್ಬಿಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಇಟ್ಟಳು. ಬಾಗಿಲ ಕಡೆ ನೋಡಬಾರದೆಂದು ಹಲ್ಲು ಕಚ್ಚಿಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಯಾರೂ ಬರಲಿಲ್ಲ. ನನ್ನ ಬಾಯೇ ಕೆಡಿಸಿತು ಎಂದುಕೊಂಡಳು.

ಮೊದಲು ಕೇಳಿದ್ದು ತಳ್ಳುಗಾಡಿಯ ಚಕ್ರದ ಕಿರುಗುಟ್ಟುವಿಕೆ. ಆಮೇಲೆ ಅಜ್ಜಿಯ ದನಿ, ಮೆಲ್ಲಗೆ, ಮೆಲ್ಲಗೆ, ಬೀಳಿಸಿದರೆ ನಿನ್ನ ಕೈ ಮುರೀತೀನಿ ಎಂದು ಯಾರನ್ನೋ ಗದರುತ್ತಿದ್ದದ್ದು. ಗಾಡಿಯ ಮೇಲೆ ಮೂರು ಮಷೀನು, ತಳ್ಳುತ್ತಿದ್ದವನು ತನ್ನ ಹೆಂಡತಿ ಬೀದಿಯಲ್ಲಿ ಕೂರುವುದು ಬೇಡ ಎಂದಿದ್ದ ಅದೇ ಗಂಡ. ಹಿಂದೆ ಆ ಹೆಂಡತಿ, ಅವಳ ಹಿಂದೆ ಇನ್ನಷ್ಟು ಹೆಂಗಸರು, ಒಂದೊಂದು ಮಷೀನಿಗೆ ಇಬ್ಬಿಬ್ಬರು ಕೈ ಕೊಟ್ಟು ಎತ್ತಿಕೊಂಡು, ಒಬ್ಬಳು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು. ಪಿಸುಗುಟ್ಟಿದ್ದವಳೂ ಇದ್ದಳು. ಅವಳ ಮಷೀನಿನ ಇನ್ನೊಂದು ತುದಿ ಹಿಡಿದಿದ್ದವಳು ಅವಳ ಅತ್ತೆ, ಮುಖ ಊದಿಸಿಕೊಂಡು, ಆದರೂ ಗಟ್ಟಿಯಾಗಿ ಹಿಡಿದುಕೊಂಡು.

ಅಜ್ಜಿ ಅಷ್ಟೂ ದಿನ ಮಾತು ಬಿಟ್ಟದ್ದು ಮನೆಯಲ್ಲಿ ಮಾತ್ರ. ಹೊರಗೆ ಒಂದು ಬಾಗಿಲನ್ನೂ ಬಿಟ್ಟಿರಲಿಲ್ಲ. ನನ್ನ ನಾಲಿಗೆ ಊರು ಕೆಡಿಸಿದೆ, ಅದನ್ನು ಸರಿ ಮಾಡಿಸಿಕೊಡಿ ಎಂದು ಹೊಸಿಲಲ್ಲಿ ಕೂತುಬಿಡುತ್ತಿದ್ದಳಂತೆ, ಒಪ್ಪುವವರೆಗೆ ಏಳುತ್ತಿರಲಿಲ್ಲವಂತೆ. ಸೊಸೆಗೆ ಹೇಳಲಿಲ್ಲ ಏಕೆಂದರೆ ಒಪ್ಪಿದವರು ಬರುತ್ತಾರೆಂಬ ಧೈರ್ಯ ಅವಳಿಗೂ ಇರಲಿಲ್ಲ. ಇದೆಲ್ಲ ಮಷೀನಕ್ಕನಿಗೆ ತಿಳಿದದ್ದು ಆಮೇಲೆ. ಗಾಡಿ ಒಳಗೆ ಬಂದು ನಿಂತಾಗ ಅವಳು ಅತ್ತೆಯ ಮುಖ ನೋಡಿದಳು, ಅತ್ತೆ ಅವಳ ಮುಖ ನೋಡಿದಳು.

"ನೋಡ್ತಾ ನಿಂತಿದ್ದೀಯಲ್ಲ," ಎಂದಳು ಅಜ್ಜಿ. "ಎಣ್ಣೆ ಎಲ್ಲಿ?"

ಕಟ್ಟೆಗಳ ಮೇಲೆ ಜಾಗ ಸಾಲದೆ ನೆಲದ ಮೇಲೂ ಸಾಲು ಹಿಡಿದರು. ಕರೆಂಟಿಲ್ಲದ್ದು ಕಾಲುಮಷೀನಿಗೆ ಏನು ಲೆಕ್ಕ? ಮೊದಲು ಒಂದು ಶುರುವಾಯಿತು, ಆಮೇಲೆ ನಾಲ್ಕು, ಆಮೇಲೆ ಎಷ್ಟೆಂದು ಹೇಳಲಾಗದ ಹಾಗೆ ತಗಡಿನ ಚಾವಣಿಯೇ ಟಕಟಕ ಎನ್ನತೊಡಗಿತು. ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದ ಸದ್ದು ಅದು. ಒಟ್ಟಿಗೆ ಕೇಳಿದ್ದು ಕಾರ್ಖಾನೆ ಬಿಟ್ಟ ಮೇಲೆ ಇದೇ ಮೊದಲು. ಕೆಲವು ಹೆಂಗಸರು ಹೊಲಿಯುತ್ತಲೇ ಕಣ್ಣೊರೆಸಿಕೊಂಡರು. ಕ್ಷೌರದವನು ಬಟ್ಟೆ ಬಿಚ್ಚಿ ಕನ್ನಡಿಯನ್ನು ಮತ್ತೆ ಮೊಳೆಗೆ ಹಾಕಿದ.

ಬೀಗ ಹಾಕುವ ಮುನ್ನ ಆದೇಶವನ್ನು ಎಲ್ಲರಿಗೂ ಕೇಳುವಂತೆ ಓದಬೇಕೆಂಬುದು ನಿಯಮ. ಅಧಿಕಾರಿ ಕಾಗದ ತೆಗೆದು ಓದತೊಡಗಿದ. ತುಟಿ ಆಡುವುದು ಕಂಡಿತು, ಅಷ್ಟೆ. ಅವನು ಮಷೀನಕ್ಕನ ಹತ್ತಿರ ಬಂದು ಸ್ವಲ್ಪ ನಿಲ್ಲಿಸಲು ಹೇಳಿ ಎಂದು ಕೈಸನ್ನೆ ಮಾಡಿದ. ಅವಳು ಒಂದು ಮಷೀನಿನ ಹೊಟ್ಟೆಗೆ ಎಣ್ಣೆ ಬಿಡುತ್ತ ತಲೆಯಾಡಿಸಿದಳು.

"ನಿಲ್ಸೋಕಾಗಲ್ಲ ಸಾರ್. ಇವತ್ತು ಕೊಡಬೇಕಾದ ಕೆಲಸ ಇದೆ."

ಸರಪಳಿ ಹಿಡಿದವರು ಅದನ್ನು ನೆಲಕ್ಕಿಟ್ಟು ಒಂದು ಕಟ್ಟೆಯ ಮೇಲೆ ಕೂತರು. ಒಳಗೆ ಜನರನ್ನಿಟ್ಟು ಬೀಗ ಹಾಕುವಂಥವನಲ್ಲ ಅಧಿಕಾರಿ. ಅವನು ಫೋನು ತೆಗೆದು ಮೇಲಿನವರಿಗೆ ಮಾಡಿದ. ಆ ಕಡೆಯವರಿಗೆ ಏನೂ ಕೇಳಿಸದೆ ಮತ್ತೆ ಮತ್ತೆ ಕೇಳಿದರೆಂದು ತೋರುತ್ತದೆ. ಅವನು ಒಂದು ಕಿವಿ ಮುಚ್ಚಿಕೊಂಡ, ಬೆನ್ನು ತಿರುಗಿಸಿದ, ದನಿ ಏರಿಸಿದ. ಕೊನೆಗೆ ಆ ಮೆಲುಮಾತಿನ ಮನುಷ್ಯ ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಕಿರುಚಬೇಕಾಯಿತು.

"ಖಾಲಿ ಇಲ್ಲ ಸಾರ್. ಕಟ್ಟಡ ಖಾಲಿ ಇಲ್ಲ. ಜನ ಇದ್ದಾರೆ. ಕೆಲಸ ಮಾಡ್ತಿದ್ದಾರೆ."

ಫೋನು ಇಟ್ಟ ಮೇಲೆ ಅವನು ಬಂದು, ಇದು ಇಲ್ಲಿಗೆ ಮುಗಿಯುವುದಿಲ್ಲ ಎಂದು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ. ನಾಳೆ ದೊಡ್ಡ ಸಾಹೇಬರನ್ನೇ ಕರೆದುಕೊಂಡು ಬರಬೇಕಾಗುತ್ತದೆ, ಅವರು ತನ್ನಂತಲ್ಲ.

ಮಷೀನಕ್ಕ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ನೆಟ್ಟಗೆ ನಿಂತಳು. ನಾಳೆಯೂ ಇವರೆಲ್ಲ ಬರುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ತಾನಂತೂ ಬರುವುದು ಖಚಿತ, ಅಷ್ಟು ಗೊತ್ತಿತ್ತು.

"ಕರ್ಕೊಂಡು ಬನ್ನಿ," ಎಂದಳು. "ಆದ್ರೆ ಜೀಪಲ್ಲಿ ಬರಬೇಡಿ. ಬಸ್ಸಲ್ಲಿ ಬನ್ನಿ, ಟಿಕೆಟ್ ತಗೊಂಡು ಬನ್ನಿ. ಈ ಊರಿಗೂ ಜನ ಬರ್ತಾರೆ ಅಂತ ಬಸ್ಸಿನವರು ಬರೆದುಕೊಳ್ಳಲಿ."